ತಕ್ಕಡಿ ಯಾರ ಕೈಯಲ್ಲಿ?

ಮನೆಯ ಹಿರಿಯರಿಗೆ ದೊಡ್ಡ ರೋಗವೊಂದು ಬಂದಿದೆಯೆಂದು ತಿಳಿದ ದಿನ ಆ ಮನೆಯಲ್ಲಿ ಮೊದಲು ಆರಂಭವಾಗುವುದು ಚಿಕಿತ್ಸೆಯಲ್ಲ, ಪಿಸುಮಾತು. ಅಡಿಗೆಮನೆಯಲ್ಲಿ ಒಂದು ಗುಂಪು, ಹಿತ್ತಿಲಲ್ಲಿ ಇನ್ನೊಂದು, ಆಸ್ಪತ್ರೆಯ ಮೊಗಸಾಲೆಯಲ್ಲಿ ವೈದ್ಯರನ್ನು ಸುತ್ತುಗಟ್ಟಿದ ಮತ್ತೊಂದು. ಯಾರ ದೇಹದ ವಿಚಾರವಾಗಿ ಇಷ್ಟೆಲ್ಲ ಚರ್ಚೆ ನಡೆದಿದೆಯೋ ಅವರು ಮಾತ್ರ ನಡುಮನೆಯ ಕುರ್ಚಿಯಲ್ಲಿ ಒಬ್ಬರೇ ಕುಳಿತು, ತಾವು ಹತ್ತಿರ ಬಂದ ಕೂಡಲೆ ಮಾತು ನಿಲ್ಲುವುದೇಕೆಂದು ಯೋಚಿಸುತ್ತಿರುತ್ತಾರೆ.

ಈ ವಾರ ಆ ಪಿಸುಮಾತಿನ ವಿಚಾರವನ್ನೇ ವಾಚಕರೊಡನೆ ಮಾತನಾಡಬೇಕೆಂದಿದ್ದೇನೆ. ತಂದೆಗೋ ತಾಯಿಗೋ ಶ್ವಾಸಕೋಶದ ಕ್ಯಾನ್ಸರು. ಪತ್ತೆಯಾಗುವ ಹೊತ್ತಿಗೆ ಅದು ಬಹಳ ಮುಂದುವರಿದಿದೆ. ಇನ್ನು ಯಾವ ಚಿಕಿತ್ಸೆಯನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ವಿಷಯ ಹಿತವಾದುದಲ್ಲ, ಒಪ್ಪುತ್ತೇನೆ. ಆದರೆ ಹಿತವಲ್ಲದ ವಿಷಯಗಳನ್ನು ನೆಮ್ಮದಿಯ ದಿನಗಳಲ್ಲಿ ಯೋಚಿಸಿಟ್ಟುಕೊಂಡ ಮನೆ ಕಷ್ಟದ ದಿನ ಕಂಗೆಡುವುದು ಕಡಿಮೆ.

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಊರು ಅರಸೀಕೆರೆ. ಯಜಮಾನರಿಗೆ ಎಪ್ಪತ್ತೊಂದು ವರ್ಷ. ನಲವತ್ತು ವರ್ಷ ಕೊಬ್ಬರಿಯ ವ್ಯಾಪಾರ ಮಾಡಿ, ಮೂಟೆಯನ್ನು ಎತ್ತಿ ನೋಡಿಯೇ ತೂಕ ಹೇಳಬಲ್ಲವರು. ಹಿರಿಯ ಮಗ ಬೆಂಗಳೂರಿನಲ್ಲಿ ಉದ್ಯೋಗಸ್ಥ. ಕಿರಿಯ ಮಗ ಊರಿನಲ್ಲಿಯೇ ತೋಟವನ್ನೂ ಅಂಗಡಿಯನ್ನೂ ನೋಡಿಕೊಳ್ಳುತ್ತಾನೆ. ಮಗಳನ್ನು ಬೇಲೂರಿಗೆ ಕೊಟ್ಟಿದೆ. ತಮ್ಮನವರು ಹಳೇಬೀಡಿನಲ್ಲಿದ್ದಾರೆ. ಇಂಥ ಮನೆ ಯಾವ ಬೀದಿಯಲ್ಲಿಲ್ಲ? ಯಜಮಾನರಿಗೆ ನಾಲ್ಕು ತಿಂಗಳಿಂದ ಬಿಡದ ಕೆಮ್ಮು, ಮೈ ಇಳಿದಿದೆ, ಮೆಟ್ಟಿಲು ಹತ್ತಿದರೆ ಏದುಸಿರು.

ಕೆಮ್ಮೆಂದೊಡನೆ ನಮ್ಮಲ್ಲಿ ಮೊದಲು ಹುಟ್ಟುವ ಸಂದೇಹ ಕ್ಷಯದ್ದು. ಅದು ತಪ್ಪಲ್ಲ, ಕ್ಷಯ ನಮ್ಮ ದೇಶದಲ್ಲಿ ಇನ್ನೂ ಹೇರಳವಾಗಿದೆ. ಆದರೆ ಎದೆಯ ಕ್ಷಕಿರಣ ಚಿತ್ರದಲ್ಲಿ ಕಂಡ ಮಚ್ಚೆಯನ್ನು, ಕಫದಲ್ಲಿ ರೋಗಾಣು ಸಿಕ್ಕದಿದ್ದರೂ, ಕ್ಷಯವೆಂದೇ ಭಾವಿಸಿ ತಿಂಗಳುಗಟ್ಟಲೆ ಔಷಧ ನುಂಗುತ್ತ ಕುಳಿತುಬಿಡುವುದುಂಟು. ಔಷಧ ಹಿಡಿದು ಕೆಲವು ವಾರಗಳಾದರೂ ಗುಣ ಕಾಣದಿದ್ದರೆ, ಕಫದಲ್ಲಿ ರಕ್ತ ಬಿದ್ದರೆ, ತೂಕ ಇಳಿಯುತ್ತಲೇ ಇದ್ದರೆ ಮುಂದಿನ ಪರೀಕ್ಷೆಗೆ ತಡಮಾಡಕೂಡದು. ಎದೆಯ ಸಿ.ಟಿ. ಚಿತ್ರ, ಬಳಿಕ ಸೂಜಿಯಿಂದಲೋ ಕೊಳವೆಯಿಂದಲೋ ಗಡ್ಡೆಯ ಒಂದು ಚೂರನ್ನು ತೆಗೆದು ನೋಡುವುದು. ಇಷ್ಟಾಗದೆ ಯಾವುದೂ ನಿಶ್ಚಯವಾಗದು.

ನಮ್ಮ ಯಜಮಾನರ ವಿಷಯದಲ್ಲಿ ಇವೆಲ್ಲ ಆದವು. ಹಾಸನದಲ್ಲಿ ಆರಂಭವಾದ ಪರೀಕ್ಷೆ ಬೆಂಗಳೂರಿನಲ್ಲಿ ಮುಗಿಯಿತು. ರೋಗ ಒಂದು ಶ್ವಾಸಕೋಶದಿಂದ ಹೊರಟು ಮೂಳೆಗೂ ಹಬ್ಬಿದೆ. ಎದೆಯ ಪೊರೆಯಲ್ಲಿ ನೀರು ತುಂಬಿದೆ. ವೈದ್ಯರು ಇದನ್ನು ನಾಲ್ಕನೆಯ ಘಟ್ಟವೆನ್ನುತ್ತಾರೆ. ಈ ಘಟ್ಟದಲ್ಲಿ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಿಂದ ರೋಗವನ್ನು ಬೇರುಸಹಿತ ಕೀಳಲು ಬರುವುದಿಲ್ಲ. ಇಲ್ಲಿಂದ ಮುಂದಿನ ಚಿಕಿತ್ಸೆಯ ಗುರಿ ರೋಗವನ್ನು ನಿರ್ಮೂಲ ಮಾಡುವುದಲ್ಲ. ಅದನ್ನು ಹಿಡಿದು ನಿಲ್ಲಿಸುವುದು, ದಿನಗಳನ್ನು ಹೆಚ್ಚಿಸುವುದು, ಇರುವ ದಿನಗಳನ್ನು ಸಹ್ಯವಾಗಿಸುವುದು.

ಈ ಒಂದು ವಾಕ್ಯವನ್ನು ಮನೆಯವರೆಲ್ಲರೂ ಸ್ಪಷ್ಟವಾಗಿ ಕೇಳಿಸಿಕೊಳ್ಳುವುದು ಅಗತ್ಯ. ಕೇಳಿಸಿಕೊಳ್ಳದೆ ಇರುವುದೇ ಹೆಚ್ಚು. ಅಮೆರಿಕದಲ್ಲಿ ನಡೆದು ೨೦೧೨ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮುಂದುವರಿದ ಶ್ವಾಸಕೋಶದ ಕ್ಯಾನ್ಸರಿಗೆ ಕಿಮೊಥೆರಪಿ ಪಡೆಯುತ್ತಿದ್ದವರಲ್ಲಿ ನೂರಕ್ಕೆ ೬೯ ಮಂದಿ ಆ ಚಿಕಿತ್ಸೆಯಿಂದ ರೋಗ ವಾಸಿಯಾಗುವ ಸಂಭವವಿಲ್ಲವೆಂಬುದನ್ನು ತಿಳಿದಿರಲಿಲ್ಲ. ವಿದ್ಯಾವಂತರ ದೇಶವೆಂದು ನಾವು ಹೇಳುವಲ್ಲಿಯೇ ಹೀಗಾದರೆ, ಪಿಸುಮಾತಿನ ನಮ್ಮ ಮನೆಗಳ ಪಾಡೇನು?

ಹಾಗೆಂದು ನಾಲ್ಕನೆಯ ಘಟ್ಟವೆಂದರೆ ಎಲ್ಲವೂ ಮುಗಿಯಿತೆಂದೂ ತಿಳಿಯಬಾರದು. ಅರಸೀಕೆರೆಯ ನೆರೆಯ ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ ಹುಟ್ಟಿದ ಅಪರ್ಣಾ ಅವರನ್ನು ತಿಳಿಯದ ಕನ್ನಡ ಮನೆಯಿಲ್ಲ. 'ಮಸಣದ ಹೂವು' ಚಿತ್ರದಲ್ಲಿ ನಟಿಸಿ, ಮುಂದೆ ದೂರದರ್ಶನದಲ್ಲಿಯೂ ವೇದಿಕೆಗಳಲ್ಲಿಯೂ ನಿರೂಪಕಿಯಾಗಿ ಮನೆಮಾತಾದವರು. ಬೆಂಗಳೂರಿನ ಮೆಟ್ರೋ ರೈಲಿನ ಕನ್ನಡ ಪ್ರಕಟಣೆಗಳಿಗೆ ಕಂಠ ಕೊಟ್ಟವರು. ಅವರಿಗೆ ೨೦೨೨ರ ಜುಲೈಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾದಾಗ ಅದು ನಾಲ್ಕನೆಯ ಘಟ್ಟದಲ್ಲಿತ್ತು. ವೈದ್ಯರು ಆರು ತಿಂಗಳ ಮಾತನ್ನಾಡಿದ್ದರೆಂದು ಅವರ ಪತಿ ನಾಗರಾಜ ವಸ್ತಾರೆಯವರು ಪತ್ರಿಕೆಯವರಿಗೆ ತಿಳಿಸಿದರು. ಅಪರ್ಣಾ ಸುಮಾರು ಎರಡು ವರ್ಷ ಛಲದಿಂದ ಬಾಳಿ, ೨೦೨೪ರ ಜುಲೈ ೧೧ರಂದು ತೀರಿಕೊಂಡರು. ವೈದ್ಯರು ಹೇಳುವ ತಿಂಗಳ ಲೆಕ್ಕ ನೂರಾರು ರೋಗಿಗಳ ನಡುವಿನ ಲೆಕ್ಕ. ಒಬ್ಬರ ಹಣೆಯ ಬರಹವಲ್ಲ. ಕೆಲವರು ಅದನ್ನು ಮೀರುತ್ತಾರೆ, ಕೆಲವರು ಅಲ್ಲಿಯವರೆಗೂ ಬರುವುದಿಲ್ಲ. ಆದುದರಿಂದ ಒಂದೇ ಸಂಖ್ಯೆಯನ್ನು ಕೇಳುವುದಕ್ಕಿಂತ, ಒಳ್ಳೆಯದಾದರೆ ಎಷ್ಟು, ಕೆಟ್ಟದಾದರೆ ಎಷ್ಟು, ಬಹುಮಂದಿಗೆ ಎಷ್ಟು ಎಂದು ಮೂರನ್ನೂ ಕೇಳುವುದು ವಿವೇಕ.

ಇನ್ನು ಚಿಕಿತ್ಸೆಗಳ ವಿಚಾರ. ಶ್ವಾಸಕೋಶದ ಕ್ಯಾನ್ಸರೆಂಬುದು ಒಂದೇ ರೋಗವಲ್ಲ. ನೂರರಲ್ಲಿ ಸುಮಾರು ೮೫ ಮಂದಿಗೆ ಬರುವುದು ಒಂದು ಬಗೆ. ಉಳಿದವರದು ಸಣ್ಣ ಕಣದ್ದೆಂದು ಕರೆಯುವ, ಬೇಗ ಹಬ್ಬುವ ಇನ್ನೊಂದು ಬಗೆ. ಮೊದಲನೆಯ ಬಗೆಯಲ್ಲಿ ಗಡ್ಡೆಯ ಚೂರನ್ನು ಜೀನುಗಳ ಪರೀಕ್ಷೆಗೆ ಕಳುಹಿಸುವುದು ಇಂದು ಅತ್ಯಗತ್ಯ. ಹೆಚ್ಚಾಗಿ ಕಾಣುವ ಅಡೆನೊಕಾರ್ಸಿನೋಮ ಎಂಬ ಜಾತಿಯಲ್ಲಿ, ಭಾರತದ ರೋಗಿಗಳ ಪೈಕಿ ಹೆಚ್ಚುಕಡಿಮೆ ನಾಲ್ವರಲ್ಲೊಬ್ಬರಿಗೆ ಇ.ಜಿ.ಎಫ್.ಆರ್. ಎಂಬ ಜೀನಿನಲ್ಲಿ ವ್ಯತ್ಯಾಸವಿರುತ್ತದೆ. ಹೊಗೆಸೊಪ್ಪನ್ನು ಮುಟ್ಟದವರಲ್ಲಿ ಇದು ಇನ್ನೂ ಹೆಚ್ಚು. ಅಂಥವರಿಗೆ ದಿನಕ್ಕೊಂದು ಮಾತ್ರೆಯ ಚಿಕಿತ್ಸೆ ಉಂಟು. ಈ ಮಾತ್ರೆಗಳಲ್ಲಿ ಹಳೆಯದಾದ ಗೆಫಿಟಿನಿಬ್ ನಮ್ಮ ದೇಶದಲ್ಲಿಯೇ ತಯಾರಾಗಿ ಅಗ್ಗವಾಗಿ ಸಿಕ್ಕುತ್ತದೆ. ಹೊಸದಾದ ಆಸಿಮೆರ್ಟಿನಿಬ್ ದುಬಾರಿ. ೨೦೨೪ರಲ್ಲಿ ಕೇಂದ್ರ ಸರಕಾರ ಅದರ ಮೇಲಿನ ಆಮದು ಸುಂಕವನ್ನು ತೆಗೆದುಹಾಕಿತು. ೨೦೨೦ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೊಸ ಮಾತ್ರೆ ಪಡೆದವರ ನಡುಮಟ್ಟದ ಆಯುಸ್ಸು ೩೮.೬ ತಿಂಗಳು, ಹಳೆಯ ಮಾತ್ರೆ ಪಡೆದವರದು ೩೧.೮ ತಿಂಗಳು. ಹಳೆಯದೂ ತೆಗೆದುಹಾಕುವಂಥದಲ್ಲವೆಂಬುದನ್ನು ಕೈ ಬಿಗಿಯಿರುವ ಮನೆಯವರು ಗಮನಿಸಬೇಕು.

ಎರಡನೆಯದು, ದೇಹದ ರಕ್ಷಣಾಶಕ್ತಿಯನ್ನೇ ರೋಗದ ಮೇಲೆ ಎತ್ತಿಕಟ್ಟುವ ಇಮ್ಯೂನೊಥೆರಪಿ. ಗಡ್ಡೆಯಲ್ಲಿ ಪಿ.ಡಿ.ಎಲ್.೧ ಎಂಬ ಗುರುತು ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಇರುವ ರೋಗಿಗಳಲ್ಲಿ ನಡೆದ ಪ್ರಯೋಗವೊಂದರಲ್ಲಿ, ಐದು ವರ್ಷದ ಬಳಿಕವೂ ಬದುಕಿದ್ದವರು ನೂರಕ್ಕೆ ೩೨. ಕಿಮೊಥೆರಪಿಯಿಂದ ಆರಂಭಿಸಿದವರಲ್ಲಿ ನೂರಕ್ಕೆ ೧೬. ಇದು ಹಿಂದೆ ಯಾರೂ ಊಹಿಸದಿದ್ದ ಫಲ. ಆದರೆ ಇದರ ಬೆಲೆ ಮಧ್ಯಮ ವರ್ಗದ ಮನೆಯ ತೊಲೆಯನ್ನೇ ಅಲುಗಿಸುವಂಥದು. ಎಲ್ಲರ ಗಡ್ಡೆಗೂ ಇದು ಒಗ್ಗುವುದೂ ಇಲ್ಲ.

ಮೂರನೆಯದು, ಕಿಮೊಥೆರಪಿ. ಸಾಧಾರಣವಾಗಿ ಮೂರು ವಾರಕ್ಕೊಮ್ಮೆ, ನಾಲ್ಕರಿಂದ ಆರು ಸಲ. ೨೭೧೪ ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿ ೨೦೦೮ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಕಿಮೊಥೆರಪಿಯಿಲ್ಲದೆ ಒಂದು ವರ್ಷದ ಬಳಿಕ ಬದುಕಿದ್ದವರು ನೂರಕ್ಕೆ ೨೦. ಅದನ್ನು ಪಡೆದವರಲ್ಲಿ ನೂರಕ್ಕೆ ೨೯. ನೂರರಲ್ಲಿ ಒಂಬತ್ತು ಮಂದಿಯ ಈ ಲಾಭ ಸುಳ್ಳಲ್ಲ. ದೊಡ್ಡದೆಂದು ಹಿಗ್ಗುವಂಥದೂ ಅಲ್ಲ. ಇದನ್ನು ತಾಳಿಕೊಳ್ಳುವ ಶಕ್ತಿ ವಯಸ್ಸಿಗಿಂತ ಹೆಚ್ಚಾಗಿ ಓಡಾಟವನ್ನು ಅವಲಂಬಿಸುತ್ತದೆ. ತನ್ನ ಕೆಲಸ ತಾನು ಮಾಡಿಕೊಳ್ಳುವ ಎಪ್ಪತ್ತೈದರ ಮುದುಕರು ತಾಳಿಯಾರು. ಹಗಲಿನ ಬಹುಭಾಗ ಹಾಸಿಗೆಯಲ್ಲಿಯೇ ಕಳೆಯುವ ಐವತ್ತರವರಿಗೆ ಲಾಭಕ್ಕಿಂತ ಹಾನಿಯೇ ಹೆಚ್ಚಾದೀತು.

ನಾಲ್ಕನೆಯದು ವಿಕಿರಣ. ಈ ಘಟ್ಟದಲ್ಲಿ ಇದರ ಮುಖ್ಯ ಉಪಯೋಗ ನೋವನ್ನು ಇಳಿಸುವುದು. ಇಲ್ಲಿ ದೂರದ ಊರಿನವರು ಕೇಳಲೇಬೇಕಾದ ಪ್ರಶ್ನೆಯೊಂದುಂಟು. ಮೂಳೆಯ ನೋವಿಗೆ ಒಂದೇ ಸಲ ಕೊಡುವ ವಿಕಿರಣವೂ ಹಲವು ಸಲ ಹಂಚಿ ಕೊಡುವ ವಿಕಿರಣದಷ್ಟೇ ನೋವನ್ನು ಕಡಿಮೆ ಮಾಡುತ್ತದೆಂದು ಅನೇಕ ಪ್ರಯೋಗಗಳು ತೋರಿಸಿವೆ. ಮುಂದೆ ಪುನಃ ಬೇಕಾಗುವ ಸಂಭವ ಒಂದೇ ಸಲದ್ದರಲ್ಲಿ ತುಸು ಹೆಚ್ಚು, ಅಷ್ಟೆ. ಬೆಂಗಳೂರಿನಲ್ಲಿ ಎರಡು ವಾರ ಕೋಣೆ ಹಿಡಿದು ಕೂರುವುದಕ್ಕೂ, ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಮರಳುವುದಕ್ಕೂ ಎಷ್ಟು ಅಂತರ! "ನಮ್ಮ ತಂದೆಯವರಿಗೆ ಒಂದೇ ಸಲದ್ದು ಸಾಕಾದೀತೆ?" ಎಂದು ಕೇಳಲು ಸಂಕೋಚ ಬೇಡ.

ಐದನೆಯದಕ್ಕೆ ಉಪಶಮನ ಚಿಕಿತ್ಸೆಯೆಂದು ಹೆಸರು. ನೋವು, ಏದುಸಿರು, ನಿದ್ರೆಗೇಡು, ಮಲಬದ್ಧತೆ, ಮನಸ್ಸಿನ ಕುಗ್ಗು, ಇವುಗಳನ್ನೇ ಗುರಿಯಾಗಿಟ್ಟುಕೊಂಡ ವೈದ್ಯ. ಇದನ್ನು ಕೈಚೆಲ್ಲಿದ ಬಳಿಕ ಮಾಡುವ ಕೆಲಸವೆಂದು ಜನ ತಿಳಿದಿದ್ದಾರೆ. ಅದರ ಹೆಸರೆತ್ತಿದರೆ ಸಾಕು, ವೈದ್ಯರು ಆಸೆ ಬಿಟ್ಟರೆಂದು ಅಳುತ್ತಾರೆ. ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಡಾಕ್ಟರ್ ಜೆನಿಫರ್ ಟೆಮೆಲ್ ಎಂಬಾಕೆ ಈ ಎಣಿಕೆಯನ್ನು ಪರೀಕ್ಷಿಸಿದರು. ಇದೇ ರೋಗ ಹಬ್ಬಿದ್ದ ೧೫೧ ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ ಉಪಶಮನ ಚಿಕಿತ್ಸೆಯನ್ನೂ ಕೊಟ್ಟರು. ಇನ್ನೊಂದಕ್ಕೆ ವಾಡಿಕೆಯ ಚಿಕಿತ್ಸೆ ಮಾತ್ರ. ಫಲ ೨೦೧೦ರಲ್ಲಿ ಪ್ರಕಟವಾಯಿತು. ಮೊದಲನೆಯ ಗುಂಪಿನವರ ದಿನಗಳು ಹೆಚ್ಚು ನೆಮ್ಮದಿಯವಾಗಿದ್ದವು, ಖಿನ್ನತೆ ಕಡಿಮೆ, ಕೊನೆಯ ವಾರಗಳಲ್ಲಿ ಉಗ್ರ ಚಿಕಿತ್ಸೆ ಪಡೆದವರೂ ಕಡಿಮೆ. ಆದರೂ ಅವರ ನಡುಮಟ್ಟದ ಆಯುಸ್ಸು ೧೧.೬ ತಿಂಗಳು, ಇನ್ನೊಂದು ಗುಂಪಿನದು ೮.೯ ತಿಂಗಳು. ಆದುದರಿಂದ ಕ್ಯಾನ್ಸರ್ ಚಿಕಿತ್ಸೆಯೋ ಉಪಶಮನವೋ ಎಂಬ ಪ್ರಶ್ನೆಯೇ ಸರಿಯಲ್ಲ. ಮೊದಲನೆಯದು ಬೇಕೋ ಬೇಡವೋ ತೂಗಿ ನೋಡಬಹುದು. ಎರಡನೆಯದು ಮೊದಲ ದಿನದಿಂದಲೇ ಬೇಕು.

ಇಷ್ಟು ತಿಳಿದ ಮೇಲೆ ನಮ್ಮ ಅರಸೀಕೆರೆಯ ಮನೆಗೆ ಮರಳೋಣ. ಜೀನಿನ ಪರೀಕ್ಷೆಯಲ್ಲಿ ಮಾತ್ರೆಗೆ ಒಗ್ಗುವ ವ್ಯತ್ಯಾಸ ಸಿಕ್ಕಲಿಲ್ಲವೆಂದು ಇಟ್ಟುಕೊಳ್ಳಿ. ಹಿರಿಯ ಮಗನ ಮತ: "ಏನಾದರೂ ಸರಿ, ದೊಡ್ಡ ಚಿಕಿತ್ಸೆಯೇ ಆಗಲಿ; ತೋಟ ಮಾರಿದರೂ ಚಿಂತೆಯಿಲ್ಲ." ಕಿರಿಯ ಮಗ ಮೌನ, ತೋಟವೇ ಅವನ ಜೀವನ. ಮಗಳ ಮತ: "ಅಪ್ಪನನ್ನು ಹಿಂಸೆ ಮಾಡಬೇಡಿ." ತಮ್ಮನವರ ಮತ: "ಶಿವಮೊಗ್ಗ ಜಿಲ್ಲೆಯ ಆನಂದಪುರದ ಬಳಿ ನರಸೀಪುರದಲ್ಲಿ ಮರದ ತೊಗಟೆಯ ಔಷಧ ಕೊಡುತ್ತಾರೆ, ಅಲ್ಲಿಗೆ ಹೋಗೋಣ." ನಾಲ್ವರೂ ಪ್ರೀತಿಯಿಂದಲೇ ಮಾತನಾಡುತ್ತಿದ್ದಾರೆ. ನಾಲ್ವರೂ ಯಜಮಾನರೊಡನೆ ಒಂದು ಮಾತನ್ನೂ ಆಡಿಲ್ಲ. ಅವರಿಗೆ ಹೇಳಿರುವುದು, "ಎದೆಯಲ್ಲಿ ನೀರು ತುಂಬಿದೆಯಂತೆ, ವಾಸಿಯಾಗುತ್ತದೆ" ಎಂದಷ್ಟೆ.

ನರಸೀಪುರದ ಮಾತನ್ನು ಹಗುರ ಮಾಡುವುದು ನನ್ನ ಉದ್ದೇಶವಲ್ಲ. ಅಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಂತದ್ದುಂಟು; ಕಷ್ಟದಲ್ಲಿರುವವರ ಆಸೆಗೆ ಯಾರೂ ನಗಕೂಡದು. ಆದರೆ ಅಂಥ ಔಷಧದಿಂದ ಶ್ವಾಸಕೋಶದ ಕ್ಯಾನ್ಸರ್ ವಾಸಿಯಾಗುವುದೆಂಬುದಕ್ಕೆ ಕ್ರಮಬದ್ಧ ಪ್ರಯೋಗದ ಆಧಾರವಿಲ್ಲ. ಕುಡಿಯಲೇಬೇಕೆಂದು ಮನಸ್ಸಿದ್ದರೆ ವೈದ್ಯರಿಗೆ ತಿಳಿಸಿ ಕುಡಿಯಬೇಕು; ಅದಕ್ಕಾಗಿ ನಡೆಯುತ್ತಿರುವ ಚಿಕಿತ್ಸೆಯನ್ನಾಗಲಿ ನೋವಿನ ಔಷಧವನ್ನಾಗಲಿ ನಿಲ್ಲಿಸಬಾರದು.

ಮುಖ್ಯ ಮಾತು ಬೇರೆ. ನಲವತ್ತು ವರ್ಷ ಪರರ ಸರಕನ್ನು ತೂಗಿ ಬೆಲೆ ಕಟ್ಟಿದವರಿಗೆ ತಮ್ಮ ದಿನಗಳನ್ನು ತೂಗಲು ಬಾರದೆಂದು ಮಕ್ಕಳು ಭಾವಿಸುವುದೇಕೆ? "ತಿಳಿದರೆ ಎದೆಯೊಡೆದುಕೊಂಡಾರು" ಎಂಬುದು ಸಾಮಾನ್ಯವಾದ ಉತ್ತರ. ಆದರೆ ಯೋಚಿಸಿ ನೋಡಿ. ಕ್ಯಾನ್ಸರ್ ಆಸ್ಪತ್ರೆಯ ಹೆಸರು ಬಾಗಿಲ ಮೇಲೆಯೇ ಇದೆ. ಪಕ್ಕದ ಬೆಂಚಿನ ರೋಗಿ ತನ್ನ ಕಥೆಯನ್ನು ಹೇಳುತ್ತಾನೆ. ದೂರದ ನಂಟರು ಒಬ್ಬೊಬ್ಬರಾಗಿ ಹಣ್ಣು ಹಿಡಿದು ಬರತೊಡಗುತ್ತಾರೆ. ಬಹುಪಾಲು ರೋಗಿಗಳಿಗೆ ನಿಜ ಗೊತ್ತಾಗಿರುತ್ತದೆ. ಮಕ್ಕಳಿಗೆ ನೋವಾದೀತೆಂದು ಅವರೂ ಬಾಯಿ ಬಿಡುವುದಿಲ್ಲ. ಹೀಗೆ ಎರಡು ಕಡೆಯವರೂ ಒಬ್ಬರಿಂದೊಬ್ಬರು ಮುಚ್ಚಿಟ್ಟು, ಮಾತನಾಡಬಹುದಾಗಿದ್ದ ತಿಂಗಳುಗಳೆಲ್ಲ ಕಳೆದುಹೋಗುತ್ತವೆ.

ಹೇಳುವುದಕ್ಕೂ ಒಂದು ರೀತಿಯಿದೆ. ಸುದ್ದಿಯನ್ನು ಕಲ್ಲಿನಂತೆ ಎಸೆಯಬೇಕಾಗಿಲ್ಲ. "ಅಪ್ಪಾ, ನಿಮ್ಮ ಕಾಯಿಲೆಯ ವಿಚಾರ ನಿಮಗೆಷ್ಟು ತಿಳಿದಿದೆ? ಇನ್ನೂ ತಿಳಿಯಬೇಕೆನಿಸುತ್ತದೆಯೆ?" ಎಂದು ಕೇಳಿ, ಉತ್ತರಕ್ಕಾಗಿ ಕಾಯಬೇಕು. ಕೆಲವರು ಎಲ್ಲವನ್ನೂ ಹೇಳೆಂದಾರು. ಕೆಲವರು, "ನನಗೇನೂ ಹೇಳಬೇಡಿ, ನೀವೇ ನೋಡಿಕೊಳ್ಳಿ" ಎಂದಾರು. ಅದೂ ಅವರದೇ ತೀರ್ಮಾನ, ಅದನ್ನು ಗೌರವಿಸಬೇಕು. ಕೇಳದೆಯೇ ಅವರ ಪರವಾಗಿ ತೀರ್ಮಾನಿಸುವುದು ಮಾತ್ರ ಸಲ್ಲದು.

ನಮ್ಮ ಯಜಮಾನರನ್ನು ಕಿರಿಯ ಮಗ ಒಂದು ರಾತ್ರಿ ಕೇಳಿದನೆಂದು ಭಾವಿಸೋಣ. ಅವರು ಬಹಳ ಹೊತ್ತು ಸುಮ್ಮನಿದ್ದು ನಾಲ್ಕು ಮಾತು ಹೇಳಿದರು. ಉಸಿರು ಕಟ್ಟಿ ಒದ್ದಾಡಬಾರದು. ಚೈತ್ರದಲ್ಲಿ ಬೇಲೂರಿನ ಚೆನ್ನಕೇಶವನ ತೇರನ್ನು ಇನ್ನೊಮ್ಮೆ ನೋಡಬೇಕು. ತೋಟ ಮಾರಬಾರದು. ಕೊನೆಗೆ ಮನೆಯಲ್ಲಿಯೇ ಇರಬೇಕು.

ಈ ನಾಲ್ಕು ಮಾತುಗಳು ತಕ್ಕಡಿಗೆ ನಾಲ್ಕು ಕಲ್ಲುಗಳಾದವು. ಇನ್ನು ವೈದ್ಯರೊಡನೆ ಮಾತನಾಡುವುದು ಸುಲಭ. ಉಸಿರಿನ ಮಾತಿಗೆ: ಎದೆಯ ಪೊರೆಯ ನೀರನ್ನು ತೆಗೆಯುವುದು, ಅದು ಮತ್ತೆ ಮತ್ತೆ ತುಂಬಿದರೆ ಮನೆಯಲ್ಲಿಯೇ ಬಸಿಯಲು ಸಣ್ಣ ಕೊಳವೆ ಇಡುವುದು. ತೇರಿನ ಮಾತಿಗೆ: ಕಿಮೊಥೆರಪಿ ಪಡೆದ ಮೊದಲ ವಾರ ಆಯಾಸ ಹೆಚ್ಚು, ತೇರಿನ ದಿನ ಮೂರನೆಯ ವಾರದಲ್ಲಿ ಬೀಳುವಂತೆ ಸರದಿಯನ್ನು ಹೊಂದಿಸಬಹುದೆ, ಅಗತ್ಯವಿದ್ದರೆ ಒಂದು ವಾರ ಮುಂದೂಡಬಹುದೆ ಎಂದು ಕೇಳುವುದು. ಎರಡು ಸಲ ಕೊಟ್ಟು ಚಿತ್ರ ತೆಗೆದು, ಗುಣ ಕಾಣದಿದ್ದರೆ ನಿಲ್ಲಿಸುವುದೆಂದು ಮೊದಲೇ ಮಾತಾಡಿಕೊಳ್ಳುವುದು. ತೋಟದ ಮಾತಿಗೆ: ದುಬಾರಿ ಔಷಧದಿಂದ ಈ ರೋಗಿಗೆ, ಈ ಗಡ್ಡೆಗೆ, ಹೆಚ್ಚಾಗುವ ಲಾಭವೆಷ್ಟೆಂದು ನೇರವಾಗಿ ಕೇಳುವುದು.

ಇನ್ನೊಂದು ಮನೆಯ ತಾಯಿ ಬೇರೆ ರೀತಿ ಹೇಳಬಹುದು. "ಮೊಮ್ಮಗಳ ಮದುವೆಗೆ ಹತ್ತು ತಿಂಗಳಿದೆ, ಎಷ್ಟು ಸೂಜಿಯಾದರೂ ಚುಚ್ಚಿ, ತಡೆದುಕೊಳ್ಳುತ್ತೇನೆ." ಆಕೆಗೆ ಪೂರ್ತಿ ಚಿಕಿತ್ಸೆಯೇ ಸರಿ. ಮೂರನೆಯ ಮನೆಯವರು ಯಾವುದೂ ಬೇಡ, ನೋವಿಲ್ಲದಿದ್ದರೆ ಸಾಕೆನ್ನಬಹುದು. ಅದೂ ಸರಿಯೇ. ಒಂದೇ ರೋಗಕ್ಕೆ ಮೂರು ಉತ್ತರ, ಮೂರೂ ತಪ್ಪಲ್ಲ. ಮಕ್ಕಳ ಕರ್ತವ್ಯ ಸರಿಯಾದ ತೂಕದ ಕಲ್ಲುಗಳನ್ನು ತಂದುಕೊಡುವುದು, ತಕ್ಕಡಿಯನ್ನು ಕಿತ್ತುಕೊಳ್ಳುವುದಲ್ಲ.

ಹಣದ ವಿಚಾರವನ್ನು ನಾಚಿಕೆಯಿಲ್ಲದೆ ಮಾತನಾಡಬೇಕು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ೧೯೭೩ರಲ್ಲಿ ಆರಂಭವಾದ ಸರಕಾರಿ ಕ್ಯಾನ್ಸರ್ ಆಸ್ಪತ್ರೆ. ನಾಡಿನ ಮೂಲೆಮೂಲೆಯ ಮಧ್ಯಮ ವರ್ಗದವರೂ ಬಡವರೂ ನಂಬಿರುವ ಸ್ಥಳ. ೨೦೧೮ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಚಿತವೆಂದೂ, ಮೇಲಿನವರಿಗೆ ನಿಗದಿತ ದರದ ನೂರಕ್ಕೆ ಮೂವತ್ತರಷ್ಟನ್ನು ಒಂದೂವರೆ ಲಕ್ಷದವರೆಗೆ ಸರಕಾರ ಭರಿಸುವುದೆಂದೂ ಗೊತ್ತುಮಾಡಲಾಯಿತು. ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲ ದಿನವೇ ಕಂಡು, ಯಾವ ಪತ್ರ ಬೇಕು, ಯಾವ ಔಷಧ ಇದರಲ್ಲಿ ಸೇರಿದೆ, ಯಾವುದು ಇಲ್ಲವೆಂದು ಬರೆಸಿಕೊಳ್ಳತಕ್ಕದ್ದು. ತೋಟದ ಕಾಗದ ಹಿಡಿದು ಸಾಲಕ್ಕೆ ಓಡುವುದು ಆಮೇಲಿನ ಮಾತು.

ನೋವಿನ ಔಷಧದ ವಿಚಾರವಾಗಿ ಎರಡು ಮಾತು. ಮಾರ್ಫಿನ್ ಎಂದೊಡನೆ ಜನ ಬೆಚ್ಚುತ್ತಾರೆ. ಚಟವಾದೀತು, ಬೇಗ ಸತ್ತಾರು ಎನ್ನುತ್ತಾರೆ. ವೈದ್ಯರ ಲೆಕ್ಕದಲ್ಲಿ ಕೊಟ್ಟ ಮಾರ್ಫಿನ್ ಕ್ಯಾನ್ಸರಿನ ತೀವ್ರ ನೋವನ್ನು ಇಳಿಸುತ್ತದೆ. ಸಣ್ಣ ಪ್ರಮಾಣದಲ್ಲಿ ಏದುಸಿರಿನ ಸಂಕಟವನ್ನೂ ತಗ್ಗಿಸುತ್ತದೆ. ಮಲಬದ್ಧತೆ ಖಂಡಿತವಾಗಿ ಬರುವುದರಿಂದ ಅದಕ್ಕೆ ಜೊತೆಯಲ್ಲಿಯೇ ಔಷಧ ಬೇಕು. ೧೯೮೫ರ ಮಾದಕವಸ್ತು ಕಾನೂನಿನ ಬಿಗಿಯಿಂದ ಇದು ರೋಗಿಗಳಿಗೆ ಸಿಕ್ಕುವುದೇ ಕಷ್ಟವಾಗಿತ್ತು. ೨೦೧೪ರ ತಿದ್ದುಪಡಿ ಅದನ್ನು ಸಡಿಲಿಸಿತು. ಆದರೂ ಎಲ್ಲ ಅಂಗಡಿಗಳಲ್ಲಿಯೂ ದೊರೆಯುವ ವಸ್ತುವಲ್ಲ. ಆದುದರಿಂದ ಬೆಂಗಳೂರಿನಿಂದ ಹೊರಡುವ ಮುನ್ನ, "ಇದು ಮುಗಿದರೆ ನಮ್ಮ ಊರಿಗೆ ಹತ್ತಿರ ಎಲ್ಲಿ ಸಿಕ್ಕುತ್ತದೆ? ಮಧ್ಯರಾತ್ರಿ ನೋವು ಹೆಚ್ಚಿದರೆ ಯಾರಿಗೆ ಫೋನು ಮಾಡಬೇಕು?" ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೈಯಲ್ಲಿರಬೇಕು.

ಮನೆಯಲ್ಲಿಯೇ ಇರಬೇಕೆಂಬ ಯಜಮಾನರ ಇಚ್ಛೆಯನ್ನು ನಡೆಸುವವರು ಯಾರು? ಇದನ್ನೂ ಕೇಳಿಕೊಳ್ಳಬೇಕು. ರಾತ್ರಿಯೆಲ್ಲ ಎದ್ದು ಬೆನ್ನು ನೀವುವವರು, ಹಾಸಿಗೆ ಬದಲಿಸುವವರು, ಗಂಜಿ ಕುಡಿಸುವವರು ಸಾಮಾನ್ಯವಾಗಿ ಮನೆಯ ಹೆಂಗಸರು, ಅದರಲ್ಲಿಯೂ ಸ್ವತಃ ಅರವತ್ತೈದು ದಾಟಿದ ಹೆಂಡತಿ. ಚರ್ಚೆಯಲ್ಲಿ ಆಕೆಯ ಮಾತಿಗೂ ಸ್ಥಳವಿರಲಿ. ಬೆಂಗಳೂರಿನ ಮಗ ಹಣ ಕಳುಹಿಸಿದರೆ ಸಾಲದು. ತಿಂಗಳಲ್ಲಿ ಕೆಲವು ರಾತ್ರಿಗಳನ್ನೂ ಕೊಡಬೇಕು. ಮನೆಯಲ್ಲಿ ಸಾಧ್ಯವೇ ಇಲ್ಲವೆಂದಾದರೆ ಬೆಂಗಳೂರಿನಲ್ಲಿ ಕರುಣಾಶ್ರಯವಿದೆ. ವಾಸಿಯಾಗದ ಘಟ್ಟ ತಲಪಿದ ಕ್ಯಾನ್ಸರ್ ರೋಗಿಗಳನ್ನು ೧೯೯೯ರಿಂದ ಹಣ ಪಡೆಯದೆ ನೋಡಿಕೊಳ್ಳುತ್ತಿರುವ ಸಂಸ್ಥೆ. ಅಲ್ಲಿಗೆ ಸೇರಿಸಿದರೆ ತಂದೆಯನ್ನು ಬಿಟ್ಟಂತಲ್ಲ.

ಕೊನೆಯದಾಗಿ ಒಂದು ಕಾನೂನಿನ ಮಾತು. ಉಸಿರಾಟ ಕೆಟ್ಟ ರಾತ್ರಿ ಗಾಬರಿಯಿಂದ ಆಸ್ಪತ್ರೆಗೆ ಓಡಿದರೆ, ಗಂಟಲಿಗೆ ಕೊಳವೆ ಹಾಕಿ ಯಂತ್ರಕ್ಕೆ ಸೇರಿಸುವುದು ಅಲ್ಲಿಯ ವಾಡಿಕೆ. ಈ ರೋಗದ ಕೊನೆಯಲ್ಲಿ ಹಾಗೆ ಸೇರಿಸಿದವರನ್ನು ಬಿಡಿಸಿ ಮನೆಗೆ ತರುವುದು ಅಪರೂಪ. ಅದು ಬೇಕೋ ಬೇಡವೋ ಎಂಬುದನ್ನು ರೋಗಿಯೇ ಮೊದಲು ಬರೆದಿಡಲು ಕಾನೂನು ಅವಕಾಶ ಕೊಟ್ಟಿದೆ. ನಮ್ಮ ಉತ್ತರ ಕನ್ನಡದ ಹಳದೀಪುರದ ಮಗಳಾದ ಅರುಣಾ ಶಾನಭಾಗ ಎಂಬ ದಾದಿಯ ದಾರುಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ೨೦೧೧ರಲ್ಲಿ ಈ ದಾರಿಯನ್ನು ತೆರೆಯಿತು. ೨೦೧೮ರ ಮಾರ್ಚ್ ೯ರಂದು ಅದೇ ನ್ಯಾಯಾಲಯ, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಹೇಳಿ, ಇಂಥ ಇಚ್ಛಾಪತ್ರಕ್ಕೆ ಮನ್ನಣೆ ಕೊಟ್ಟಿತು. ೨೦೨೩ರಲ್ಲಿ ವಿಧಾನವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿಕೊಂಡರೆ ಸಾಕು. ೨೦೨೫ರ ಜನವರಿಯಲ್ಲಿ ಕರ್ನಾಟಕ ಸರಕಾರ ಇದನ್ನು ನಡೆಸಿಕೊಡಲು ಆದೇಶ ಹೊರಡಿಸಿತು. ಇದು ಪ್ರಾಣ ತೆಗೆಯುವ ಪತ್ರವಲ್ಲ; ಪ್ರಯೋಜನವಿಲ್ಲದ ಯಂತ್ರ ತನಗೆ ಬೇಡವೆಂದು ಹೇಳುವ ಪತ್ರ. ಬರೆಯಲು ರೋಗ ಬರುವವರೆಗೆ ಕಾಯಬೇಕಾಗಿಲ್ಲ.

ಇದನ್ನು ಓದುತ್ತಿರುವ ಯಾವುದೋ ಮನೆಯಲ್ಲಿ ಈಗಲೇ ಅಂಥ ಪಿಸುಮಾತು ನಡೆಯುತ್ತಿರಬಹುದು. ಅವರಿಗೆ ನನ್ನ ವಿನಂತಿ ಇಷ್ಟೆ. ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ: ಈ ಚಿಕಿತ್ಸೆಯ ಗುರಿಯೇನು, ಇದರಿಂದ ದೊರೆಯುವುದೇನು, ಇದಕ್ಕಾಗಿ ತೆರಬೇಕಾದುದೇನು, ಮಾಡದಿದ್ದರೆ ಏನಾಗುತ್ತದೆ, ಯಾವಾಗ ನಿಲ್ಲಿಸುತ್ತೀರಿ. ಮುಂದಿನ ಸಲ ವೈದ್ಯರ ಕೋಣೆಗೆ ಹೋದಾಗ ಅವರ ಎದುರಿನ ಕುರ್ಚಿಯಲ್ಲಿ ತಂದೆಯವರೇ ಕುಳಿತಿರಲಿ. ಮಕ್ಕಳು ಪುಸ್ತಕ ಹಿಡಿದು ಪಕ್ಕದಲ್ಲಿ ನಿಲ್ಲಲಿ.